ಮುಳ್ಳು ಹಾಕಿದ ಮನೆಯಲ್ಲಿ ದೀಪ

ಕಂಪ್ಯೂಟರಿನಲ್ಲಿ ಕಟ್ಟಿದ ಮನೆಯೊಳಗೆ ಹೋಗಿ ಕನ್ನಡಿಯ ಮುಂದೆ ನಿಂತರೆ, ನಿಂತವರು ಕನ್ನಡಿಯಲ್ಲಿ ಕಾಣುವುದಿಲ್ಲ. ಹಿಂದಿನ ಗೋಡೆ ಕಾಣುತ್ತದೆ, ಕಿಟಕಿ ಕಾಣುತ್ತದೆ, ಕಿಟಕಿಯಾಚೆಯ ತೆಂಗಿನಮರವೂ ಕಾಣುತ್ತದೆ. ನಾವು ಮಾತ್ರ ಇರುವುದಿಲ್ಲ. ಅರಕಲಗೂಡಿನ ಬಸ್ ನಿಲ್ದಾಣದ ಎದುರು ಮಹಡಿಯ ಮೇಲಿರುವ ಮನುವಿನ ಅಂಗಡಿಗೆ ಮನೆಯ ನಕ್ಷೆ ಮಾಡಿಸಲು ಬರುವವರಲ್ಲಿ ಬಹಳ ಮಂದಿಗೆ ಇದೊಂದು ತಮಾಷೆ. ಆದರೆ ನುಗ್ಗೇಹಳ್ಳಿ ಕಡೆಯ ಹೆಂಗಸೊಬ್ಬಳು, ಇನ್ನೂ ಪಾಯ ತೆಗೆಯದ ತನ್ನ ಮನೆಯನ್ನು ದೊಡ್ಡ ಟಿವಿಯಲ್ಲಿ ನೋಡುತ್ತಾ ನೋಡುತ್ತಾ ಬೀರುವಿನ ಕನ್ನಡಿಯ ಮುಂದೆ ಬಂದಾಗ, "ಇದ್ರಲ್ಲಿ ನಾನೆಲ್ಲವ್ವಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಸೆರಗನ್ನು ಬಾಯಿಗೊತ್ತಿಕೊಂಡು ಮೆಟ್ಟಿಲಿಳಿದು ಹೋಗಿಬಿಟ್ಟಿದ್ದಳು. ತನ್ನ ಮನೆಯ ಕನ್ನಡಿಯಲ್ಲಿ ತಾನೇ ಇಲ್ಲ ಎಂದರೆ ಯಾರಿಗೆ ತಾನೆ ಸಹಿಸೀತು? ಆಕೆ ಮತ್ತೆ ಬರಲಿಲ್ಲ.

ಅಂದಿನಿಂದ ತೇಜಶ್ರೀ ಒಂದು ಉಪಾಯ ಮಾಡಿಕೊಂಡಿದ್ದಳು. ಗಿರಾಕಿ ಮೊದಲ ಸಲ ಬಂದಾಗಲೇ ಅಂಗಡಿಯ ಬಿಳಿ ಗೋಡೆಗೆ ನಿಲ್ಲಿಸಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆಯುವುದು, ಆಮೇಲೆ ಆಳನ್ನಷ್ಟೇ ಕತ್ತರಿಸಿ ತೆಗೆದು, ರಟ್ಟಿನ ಬೊಂಬೆಯ ಹಾಗೆ ಕಂಪ್ಯೂಟರಿನ ಮನೆಯಲ್ಲಿ ಕನ್ನಡಿಯ ಎದುರಿಗೆ ನಿಲ್ಲಿಸುವುದು. ಬೊಂಬೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದರ ಬಿಂಬ ಮಾತ್ರ ಕನ್ನಡಿಯಲ್ಲಿ ಮೂಡುತ್ತಿತ್ತು. "ಅಯ್ಯೋ, ನಾನೇ ಕಣ್ರೀ!" ಎಂದು ಹೆಂಗಸರು ಟಿವಿಯ ಮುಂದೆ ತಲೆ ಸವರಿಕೊಳ್ಳುತ್ತಿದ್ದರು.

ಒಂಬತ್ತನೇ ತರಗತಿಗೆ ಶಾಲೆ ಬಿಟ್ಟ ತೇಜಶ್ರೀ ಈ ಅಂಗಡಿಗೆ ಬಂದದ್ದು ಕಸ ಗುಡಿಸಿ ಜೆರಾಕ್ಸ್ ಮಾಡಲು. ಮನುವಿನ ಬೆನ್ನ ಹಿಂದೆ ನಿಂತು ಅವನ ಕೈಯನ್ನು ನೋಡಿ ನೋಡಿಯೇ ಕೆಲಸ ಕಲಿತಿದ್ದಳು. ಮಾತು ಕಡಿಮೆ. ಯಾರಾದರೂ ಏನಾದರೂ ಕೇಳಿದರೆ ಅವಳ ಕಣ್ಣು ಮೊದಲು ನೆಲಕ್ಕೆ ಹೋಗುತ್ತಿತ್ತು, ಆಮೇಲೆ ಮಾತು ಬರುತ್ತಿತ್ತು.

"ನಿನ್ ಬಾಯಲ್ಲಿ ಮಾತು ಬರ್ಸೋಕೆ ಯಾವ ಕಾರ್ಡ್ ಹಾಕ್ಬೇಕಮ್ಮಿ?" ಎಂದು ಮನು ಚೇಷ್ಟೆ ಮಾಡುತ್ತಿದ್ದ.

ಮನುವಿಗೆ ಕಾರ್ಡಿನದೇ ಧ್ಯಾನ. ಕಂಪ್ಯೂಟರಿಗೆ ಚಿತ್ರ ಬಿಡಿಸುವ ಶಕ್ತಿ ಕೊಡುವ ಗ್ರಾಫಿಕ್ಸ್ ಕಾರ್ಡು. ಬೆಳಗ್ಗೆ ಬಂದು ಅಗರಬತ್ತಿ ಹಚ್ಚಿ, ಕಾಫಿ ತರಿಸಿಕೊಂಡು, ಮುಖ ತೋರಿಸದ ಯಾರೋ ಮಾಡಿದ ವಿಡಿಯೊಗಳನ್ನು ನೋಡುತ್ತಾ ಕೂರುತ್ತಿದ್ದ. ಇನ್ನೂ ಬಿಡುಗಡೆಯಾಗದ ಕಾರ್ಡುಗಳ ಗುಟ್ಟು ಹೇಳುವವರು ಅವರು. ಕಾರ್ಡು ಮಾಡುವ ದೊಡ್ಡ ಕಂಪನಿಗಳು ಎರಡು, ಗುರುತಿನ ಬಣ್ಣದಿಂದಲೇ ಅವುಗಳನ್ನು ಕರೆಯುವುದು. ಹಸಿರು ಕಂಪನಿಯದು ಬೇಸಿಗೆಗೆ ಬರುತ್ತದಂತೆ. ಕೆಂಪು ಕಂಪನಿಯವರು ಅದಕ್ಕೂ ಮೊದಲೇ ಬಿಡುತ್ತಾರಂತೆ. ಈ ಸಲ ಬೆಳಕಿನ ವಿಷಯದಲ್ಲಿ ಹಸಿರಿನವರ ಸೊಕ್ಕು ಮುರಿಯುತ್ತಾರಂತೆ. ಎಲ್ಲವೂ ಅಂತೆ. ಆದರೂ ಮನು ಅದನ್ನು ಸ್ವಂತ ದಾಯಾದಿಗಳ ಜಗಳದಂತೆ ಮೈಮೇಲೆ ಹಾಕಿಕೊಂಡು ತೇಜಶ್ರೀಗೆ ವಿವರಿಸುತ್ತಿದ್ದ.

"ನೋಡಮ್ಮಿ, ರೇ ಟ್ರೇಸಿಂಗ್ ಅಂದ್ರೆ ಏನು? ಬೆಳಕಿನ ಒಂದೊಂದು ಗೆರೆನೂ ಹಿಂದ್ಗಡೆಯಿಂದ ಅಟ್ಟುಸ್ಕಂಡ್ ಹೋಗೋದು. ಗೋಡೆಗ್ ಬಡೀತು, ನೆಲಕ್ ಬಡೀತು, ಕನ್ನಡಿಗ್ ಬಡೀತು. ಈಗಿರೋ ಕಾರ್ಡು ಎಲ್ಡ್ ಸಲ ಬಡಿಯೋದ್ರೊಳ್ಗೆ ಉಸ್ಸಪ್ಪಾ ಅಂತ ಕೂತ್ಕಂತದೆ. ಉಳಿದಿದ್ದನ್ನ ಸುಮ್ನೆ ಊಹೆ ಮಾಡಿ ತುಂಬ್ತದೆ. ಹೊಸಾದಕ್ಕೆ ಆ ಲಿಮಿಟ್ಟೇ ಇಲ್ವಂತೆ ಕಣಮ್ಮಿ! ಏನಕ್ಕಾದ್ರೂ ತಗುಲೋವರ್ಗೂ ಬೆಳಕು ಓಯ್ತಾನೇ ಇರ್ತದಂತೆ."

"ಏನಕ್ಕೂ ತಗುಲ್ಲಿಲ್ಲ ಅಂದ್ರೆ ಸಾ?"

"ತಗುಲ್ದೆ ಎಲ್ಲೋಯ್ತದೆ?" ಎಂದು ಮನು ನಕ್ಕಿದ್ದ.

ಅವನ ಅವಸರಕ್ಕೆ ಕಾರಣ ಚನ್ನರಾಯಪಟ್ಟಣದ ರುದ್ರೇಶ. ಇಬ್ಬರೂ ಒಂದು ಕಾಲಕ್ಕೆ ಹಾಸನದ ಒಂದೇ ಅಂಗಡಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಕೆಲಸ ಮಾಡಿದವರು. ಈಗ ಒಬ್ಬರ ಗಿರಾಕಿಯನ್ನು ಒಬ್ಬರು ಸೆಳೆಯುವುದೇ ಕಸುಬು. ಸಾಲಗಾಮೆ ರಸ್ತೆಯಲ್ಲಿ ಸಾಲು ಮನೆ ಕಟ್ಟಿಸಲು ಹೊರಟಿದ್ದ ಹಾಸನದ ಬಿಲ್ಡರ್ ಅನಿಲ್‌ಕುಮಾರ್ ಈ ಇಬ್ಬರಲ್ಲಿ ಯಾರಿಗೆ ಕೆಲಸ ಕೊಡುವುದೆಂದು ತೂಗುತ್ತಿದ್ದ. ರುದ್ರೇಶ ಫೋನು ಮಾಡಿ, "ಏನ್ಲಾ ಮನು, ಇನ್ನೂ ಹಳೇ ಎತ್ತಲ್ಲೇ ಉಳ್ತಾ ಇದ್ದೀಯಾ? ನಂಗೆ ಹೊಸ ಕಾರ್ಡ್ ಬರ್ತಾ ಐತೆ. ನೋಡಕ್ಕೆ ಬಾ, ಟೀ ಕುಡಿಸ್ತೀನಿ" ಎಂದ ದಿನ ಮನು ಮಧ್ಯಾಹ್ನದ ಊಟ ಬಿಟ್ಟ.

ಕೊನೆಗೆ ಕಾರ್ಡು ಮೊದಲು ಬಂದದ್ದು ಮನುವಿಗೇ. ಬೆಂಗಳೂರಿನಿಂದ ಅಂಗಡಿಗಳಿಗೆ ಸಾಮಾನು ತಂದುಕೊಡುವ ನಟರಾಜು ಒಂದು ಬರೀ ರಟ್ಟಿನ ಡಬ್ಬವನ್ನು ಮೇಜಿನ ಮೇಲಿಟ್ಟ. ಒಳಗೆ ಕಪ್ಪನೆಯ ದಪ್ಪ ಕಾರ್ಡು. ಮೇಲೆ ಹೆಸರಿಲ್ಲ, ಗುರುತಿಲ್ಲ.

"ಟೆಸ್ಟಿಂಗ್ ಪೀಸು ಸಾ. ಹಸ್ರೋ ಕೆಂಪೋ ನಂಗೂ ತಿಳೀದು. ಯಾರ ಕೈಯಿಂದ ಯಾರ ಕೈಗೆ ಬಂತೋ. ಹಾಕ್ ನೋಡಿ" ಎಂದು ಹೇಳಿ ಅವನು ಕೂರದೆ ಹೊರಟ.

ಹಾಕಿದರು. ಯಾವುದೋ ಹಳೆಯ ನಕ್ಷೆಯ ಮನೆಯೊಂದನ್ನು ತೆರೆದಾಗ ಮನು ಕುರ್ಚಿಯನ್ನು ಟಿವಿಯ ಹತ್ತಿರಕ್ಕೆ ಎಳೆದುಕೊಂಡ. ಕಿಟಕಿಯಿಂದ ಬಿದ್ದ ಬಿಸಿಲು ನೆಲದಿಂದ ಎದ್ದು ಸೂರಿಗೆ ಮುಟ್ಟಿತ್ತು. ಹಿತ್ತಾಳೆ ಚೊಂಬಿನ ಹೊಟ್ಟೆಯಲ್ಲಿ ಇಡೀ ಅಡುಗೆಮನೆ ಡೊಂಕಾಗಿ ಕೂತಿತ್ತು. ತೇಜಶ್ರೀಗೆ ಮಾತ್ರ ಒಂದು ಸಣ್ಣ ಕಸಿವಿಸಿ. ಬಾಗಿಲ ಸಂದಿಯಲ್ಲಿ, ಮಂಚದ ಕೆಳಗೆ, ಅವಳು ಏನನ್ನೂ ಮಾಡದೆ ಕಪ್ಪಾಗಿ ಬಿಟ್ಟಿದ್ದ ಮೂಲೆಗಳಲ್ಲೆಲ್ಲ ಈಗ ತೆಳುವಾದ ಬೆಳಕು ಹೊಕ್ಕು ಹುಡುಕುತ್ತಿರುವ ಹಾಗಿತ್ತು.

ಆ ವಾರವೇ ದೇವರಾಜು ತನ್ನ ಅತ್ತಿಗೆ ಸುವರ್ಣಮ್ಮನನ್ನು ಕರೆದುಕೊಂಡು ಬಂದ. ಕೊಣನೂರಿನ ಆಚೆಯ ಹಳ್ಳಿಯವರು. ತೇಜಶ್ರೀಯದೂ ಅದೇ ಹಳ್ಳಿ, ಊರಿನ ಇನ್ನೊಂದು ತುದಿ. ಸುವರ್ಣಮ್ಮನ ಗಂಡ ಚಲುವಯ್ಯ ಮಳೆಗಾಲದ ಕೊನೆಯಲ್ಲಿ ತೀರಿಹೋಗಿದ್ದ. ಉಂಡು ಕೈತೊಳೆದು ಬೆತ್ತದ ಕುರ್ಚಿಯಲ್ಲಿ ಕೂತವನು ಹಾಗೆಯೇ ಹೋದ. ಹೋದದ್ದು ಕೆಟ್ಟ ನಕ್ಷತ್ರದಲ್ಲಿ. ಹಾಗಾದರೆ ಆ ಕಡೆ ಮನೆ ಬಿಡುವುದು ವಾಡಿಕೆ. ತಿಥಿ ಮುಗಿದ ಮೇಲೆ ಉಟ್ಟ ಬಟ್ಟೆಯಲ್ಲಿ ಎಲ್ಲರೂ ಹೊರಗೆ ಬಂದು, ಬಾಗಿಲಿಗೆ ಮುಳ್ಳಿನ ಕೊಂಬೆ ಹಾಕಿ, ಶಾಸ್ತ್ರ ಹೇಳಿದಷ್ಟು ತಿಂಗಳು ಆ ಕಡೆ ತಲೆ ಹಾಕುವುದಿಲ್ಲ. ಒಳಗೆ ಗುಡಿಸುವಂತಿಲ್ಲ, ದೀಪ ಹಚ್ಚುವಂತಿಲ್ಲ. ಮನೆಯಲ್ಲಿ ಯಾರೂ ಇಲ್ಲವೆಂದು ಹೋದವನಿಗೆ ಖಾತ್ರಿಯಾಗಬೇಕು, ಅವನು ತನ್ನ ದಾರಿ ಹಿಡಿಯಬೇಕು.

"ಬಾಗ್ಲು ತಗ್ಯೋದ್ರೊಳ್ಗೆ ಪ್ಲಾನ್ ರೆಡಿ ಇರ್ಬೇಕು ಕಣಪ್ಪಾ" ಎಂದ ದೇವರಾಜು. "ತಗುದ್ ತಕ್ಷಣ ಹಳೇ ನೆಲ ಕೀಳ್ಸಿ, ಹಾಲು ದೊಡ್ದು ಮಾಡ್ಸಿ, ಹೊಸಾ ಮನೆ ಥರ ಮಾಡ್ಬುಡದು. ನಮ್ಮತ್ಗೆ ಮತ್ತೆ ಒಳಿಕ್ ಕಾಲಿಡ್ಬೇಕಾದ್ರೆ ಹಳೇದು ಯಾವ್ದೂ ಕಾಣಬಾರ್ದು."

"ಹಾಲಿನ ನಿಲುವುಗನ್ನಡಿ ಒಂದು ಇರ್ಲಿ" ಎಂದಳು ಸುವರ್ಣಮ್ಮ. ತೇಜಶ್ರೀ ಬಿಳಿ ಗೋಡೆಗೆ ನಿಲ್ಲಿಸಿ ಫೋಟೊ ತೆಗೆಯುವಾಗ, "ನೀನು ನಮ್ ದ್ಯಾವಯ್ಯನ ಮಗಳಲ್ವಾ?" ಎಂದಳು. ತೇಜಶ್ರೀ ತಲೆಯಾಡಿಸಿದಳು.

ಅವಳ ಅಪ್ಪ ಆ ಮನೆಯ ಹೊಲದಲ್ಲಿ ದುಡಿದವನು. ಅವರ ಕೇರಿಯವರು ಆ ಮನೆಯ ಜಗುಲಿ ದಾಟಿದವರಲ್ಲ. ಯಾರೂ ಬೇಡವೆಂದು ಬಾಯಿಬಿಟ್ಟು ಹೇಳಿದ್ದಿಲ್ಲ. ಯಾರೂ ಬಾ ಎಂದದ್ದೂ ಇಲ್ಲ. ಈಗ ದೇವರಾಜುವಿನ ಮೊಬೈಲಿನಲ್ಲಿದ್ದ ಗೃಹಪ್ರವೇಶದ ಕಾಲದ, ಜನರಿಲ್ಲದ ಖಾಲಿ ಕೋಣೆಗಳ ಫೋಟೊಗಳನ್ನು ಮುಂದಿಟ್ಟುಕೊಂಡು ತೇಜಶ್ರೀ ಆ ಮನೆಯ ಗೋಡೆಗಳನ್ನು ಒಂದೊಂದಾಗಿ ಎಬ್ಬಿಸಿದಳು. ಹಾಲಿನಲ್ಲಿ ಸುವರ್ಣಮ್ಮ ಬೇಕೆಂದ ಹಳೆಯ ನಿಲುವುಗನ್ನಡಿ ಇಟ್ಟಳು. ಕನ್ನಡಿಯ ಎದುರಿಗೆ ಸುವರ್ಣಮ್ಮನ ಬೊಂಬೆ ನಿಲ್ಲಿಸಿದಳು. ಕೊನೆಗೆ ದೇವರ ಕೋಣೆಗೆ ಬಂದಳು. ಯಾವ ಮನೆಯಾದರೂ ದೇವರ ಕೋಣೆಯಲ್ಲಿ ಒಂದು ದೀಪ ಉರಿಯುತ್ತಿರಬೇಕೆಂಬುದು ಮನುವಿನ ನಿಯಮ. ಅವಳ ಕೈ ತಡೆಯಿತು.

"ಸಾ, ಆ ಮನೇಗೆ ಮುಳ್ಳಾಕವ್ರೆ. ದೀಪ ಹಚ್ಬಾರ್ದು."

"ಕಂಪ್ಯೂಟ್ರಿಗೆಂಥ ನಕ್ಷತ್ರನಮ್ಮಿ? ಹಚ್ಚು ಹಚ್ಚು. ಹಿತ್ತಾಳೆ ಮೇಲೆ ಆ ಬೆಳಕು ಬೀಳೋದನ್ನ ನೋಡ್ಬೇಕು ನಾನು."

ಹಚ್ಚಿದಳು. ಅವಳ ಕೇರಿಯ ಯಾರೂ ಕಾಲಿಡದ ಕೋಣೆಯಲ್ಲಿ ಅವಳೇ ದೀಪ ಹಚ್ಚಿದಳು. ಹಳದಿ ಬೆಳಕು ದೇವರ ಕೋಣೆಯ ಹೊಸ್ತಿಲು ದಾಟಿ, ಹಾಲಿನ ನೆಲದ ಮೇಲೆ ಸರಿದು, ಕನ್ನಡಿಯವರೆಗೂ ಹೋಯಿತು.

ಮೊದಲ ಸಲ ತೋರಿಸಿದ ದಿನ ಹಾಡಹಗಲು. ಮನು ಕಿಟಕಿಗೆ ಪರದೆ ಎಳೆದು ಟಿವಿ ಹಾಕಿದ. ತೇಜಶ್ರೀ ಮೌಸು ಹಿಡಿದು ಎಲ್ಲರನ್ನೂ ಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದಳು. ದೇವರಾಜು, "ಅಬಬಬಾ, ಟೈಲ್ಸ್ ನೋಡತ್ಗೆ, ಮುಖ ನೋಡ್ಕಂಡ್ ಕ್ಷೌರ ಮಾಡ್ಕಬೋದು" ಎಂದ. ಕನ್ನಡಿಯ ಮುಂದೆ ನಿಂತಾಗ ಸುವರ್ಣಮ್ಮ ತನ್ನನ್ನು ಕಂಡಳು. ಅವಳ ಬೆನ್ನ ಹಿಂದೆ, ಗೋಡೆಯ ಪಕ್ಕ, ಬೆತ್ತದ ಕುರ್ಚಿಯೊಂದಿತ್ತು.

"ಕುರ್ಚಿ ಯಾಕಾಕ್ದಮ್ಮಿ? ಸೋಫಾ ಅಂದಿರ್ಲಿಲ್ವಾ ನಾನು?" ಎಂದ ದೇವರಾಜು.

ತೇಜಶ್ರೀ ಕುರ್ಚಿ ಹಾಕಿರಲಿಲ್ಲ. ಹಿಂದಕ್ಕೆ ತಿರುಗಿಸಿದಳು. ಗೋಡೆಯ ಪಕ್ಕ ಏನೂ ಇರಲಿಲ್ಲ, ನುಣ್ಣನೆಯ ನೆಲ. ಮತ್ತೆ ಕನ್ನಡಿಯ ಕಡೆ ತಿರುಗಿಸಿದಳು. ಕುರ್ಚಿ ಇತ್ತು.

"ಟೆಸ್ಟಿಂಗ್ ಪೀಸ್ ಅಲ್ವಾಣ್ಣ, ಸಣ್ಣಪುಟ್ಟ ಎಡವಟ್ಟು ಇರ್ತವೆ. ಸರಿಮಾಡ್ತೀವಿ" ಎಂದು ಮನು ತೇಲಿಸಿದ.

"ಇರ್ಲಿ ಬುಡಿ" ಎಂದಳು ಸುವರ್ಣಮ್ಮ. ಆ ದಿನ ಅವಳಾಡಿದ ಮೊದಲ ಮಾತು ಅದು. "ಅಲ್ಲೇ ಇತ್ತು ಅದು."

ಮರುದಿನ ಬೆಳಗಿನ ಬಸ್ಸಿನಲ್ಲಿ ಸುವರ್ಣಮ್ಮ ಒಬ್ಬಳೇ ಬಂದಳು. "ಇನ್ನೊಂದ್ಸಲ ನೋಡ್ಬೋದೇನವ್ವಾ?" ಎಂದು ಕೇಳಿದಳು. ಅದರ ಮರುದಿನವೂ ಬಂದಳು. ಟಿವಿಯ ಮುಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಬೇರೆ ಯಾವ ಕೋಣೆಯೂ ಬೇಡ, ಕನ್ನಡಿಯ ಮುಂದೆಯೇ ನಿಲ್ಲಿಸು ಎನ್ನುತ್ತಿದ್ದಳು. ಒಂದು ದಿನ ಕುರ್ಚಿಯ ತೋಳಿನ ಮೇಲೆ ಟವೆಲ್ಲಿತ್ತು. ಇನ್ನೊಂದು ದಿನ ಟವೆಲ್ಲಿನ ಮೇಲೆ ಕೈಯಿತ್ತು. ಆಮೇಲೆ, ಬೆಳಕು ಅಷ್ಟು ದೂರ ಹೋಗಲು ಹೊತ್ತು ಹಿಡಿದಂತೆ, ಸ್ವಲ್ಪ ಸ್ವಲ್ಪವೇ ಭುಜ, ಕೊರಳು, ನರೆತ ಮೀಸೆ. ಚಲುವಯ್ಯ ಕೂತಿದ್ದ. ಅವನ ಕಣ್ಣು ದೇವರ ಕೋಣೆಯ ದೀಪದ ಕಡೆಗಿತ್ತು.

ತೇಜಶ್ರೀ ಮೌಸಿನಿಂದ ಕೈ ತೆಗೆದಳು. ಸುವರ್ಣಮ್ಮ ಹೆದರಲಿಲ್ಲ. "ಉಂಡ್ರಾ?" ಎಂದು ಮೆಲ್ಲಗೆ ಟಿವಿಯನ್ನು ಕೇಳಿದಳು.

ಅಷ್ಟರಲ್ಲಿ ಮನು ಒಳಗೆ ಬಂದವನು ಕನ್ನಡಿ ನೋಡಿ ನಿಂತ. "ಲೇ ತೇಜು! ಗಂಡುನ್ ಫೋಟೊನೂ ಕಟ್ ಮಾಡಿ ಕೂರ್ಸ್ದಾ? ಹೇಳೇ ಇಲ್ವಲ್ಲಮ್ಮಿ. ಎಂಥಾ ಐಡಿಯಾ ಕಣೇ ಇದು!"

ಅವಳು ಬೊಂಬೆ ನಿಲ್ಲಿಸುವುದು ಅವನಿಗೆ ಗೊತ್ತೇ ಇದ್ದುದರಿಂದ ಬೇರೇನೂ ಅವನ ತಲೆಗೆ ಬರಲಿಲ್ಲ. ಅಲ್ಲ ಎನ್ನಲು ಅವಳು ಬಾಯಿ ತೆರೆಯುವ ಮೊದಲೇ ಮೊಬೈಲು ಹಿಡಿದು ವಿಡಿಯೊ ಮಾಡಿದ್ದ. 'ತೀರಿಕೊಂಡವರು ನಿಮ್ಮ ಹೊಸ ಮನೆಯಲ್ಲಿ! ಇಡೀ ಜಿಲ್ಲೆಯಲ್ಲಿ ನಮ್ಮಲ್ಲಿ ಮಾತ್ರ!' ಎಂದು ಬರೆದು ಹಾಕಿದ. ಸಂಜೆಯೊಳಗೆ ಅದು ಹೊಳೆನರಸೀಪುರ, ಹಾಸನ ಎಲ್ಲ ಸುತ್ತಿತು. ರುದ್ರೇಶನ ಫೋನು ಬಂತು.

"ಯಾವ ಕಾರ್ಡ್ಲಾ ಅದು? ನಿಜ ಯೋಳು. ಆ ಮೀಸೆ ಮೇಲೆ ಬಿದ್ದಿರೋ ಲೈಟು, ಯಾವ ಕಂಪನಿ ಕಾರ್ಡೂ ಅಂಗೆ ಮಾಡಲ್ಲ ಕಣ್ಲಾ."

"ಬಾ, ಟೀ ಕುಡಿಸ್ತೀನಿ" ಎಂದು ಮನು ಫೋನಿಟ್ಟು ಕುಣಿದುಬಿಟ್ಟ. ಬಿಲ್ಡರ್ ಅನಿಲ್‌ಕುಮಾರನೂ ತಾನೇ ಬಂದು ನೋಡುತ್ತೇನೆ ಎಂದಿದ್ದ.

ತೇಜಶ್ರೀ ನೋಡುತ್ತಿದ್ದುದು ಬೇರೆಯದನ್ನು. ಕನ್ನಡಿಯಲ್ಲಿ ಅವಳು ನಿಲ್ಲಿಸಿದ್ದ ಸುವರ್ಣಮ್ಮ ಈಗ ಕೂತಿದ್ದಳು. ಚಲುವಯ್ಯನ ಪಕ್ಕದಲ್ಲಿ, ನೆಲದ ಮೇಲೆ, ಗೋಡೆಗೊರಗಿ, ಕಾಲು ನೀಡಿಕೊಂಡು. ರಟ್ಟಿನಂಥ ಬೊಂಬೆ ಮಂಡಿ ಮಡಿಸುವುದಾದರೂ ಹೇಗೆ? ಬೇಗ ಬೇಗ ಹುಡುಕಿ ಬೊಂಬೆಯನ್ನು ಅಳಿಸಿ ಹಾಕಿದಳು. ಪಟ್ಟಿಯಿಂದ ಅದರ ಹೆಸರು ಹೋಯಿತು. ಕನ್ನಡಿಯಲ್ಲಿ ಸುವರ್ಣಮ್ಮ ಹೋಗಲಿಲ್ಲ.

ಹೊರಗಿನ ಸುವರ್ಣಮ್ಮ ಸವೆಯತೊಡಗಿದಳು. ಮೈದುನನ ಮನೆಯಲ್ಲಿ ತಟ್ಟೆ ಮುಂದಿಟ್ಟರೆ ಆಗಲೇ ಉಂಡೆ ಎನ್ನುತ್ತಿದ್ದಳಂತೆ. ಉರಿಬಿಸಿಲಿನಲ್ಲಿ ಅವಳ ಕೈ ಮುಟ್ಟಿದರೆ ಬಾವಿಯ ಕಲ್ಲು ಮುಟ್ಟಿದ ಹಾಗೆ. "ಆಯಮ್ಮಂಗೆ ಏನಾಗದೆ ಮಗ?" ಎಂದು ತೇಜಶ್ರೀಯ ಅವ್ವ ಪಾರ್ವತಮ್ಮ ಕೇಳಿದಳು. "ಮಾತಾಡ್ಸುದ್ರೆ ಯಾವ್ದೋ ದೂರದ ಕ್ವಾಣೆಯಿಂದ ಓ ಅಂದಂಗೆ ಅಂತಾಳೆ. ಅವ್ಳು ಸಾಕಿರೋ ಎಮ್ಮೆ ಬ್ಯಾರೆ ಯಾರ ಕೈಗೂ ಹಾಲು ಬುಡ್ತಿಲ್ವಂತೆ. ಕೆಚ್ಚಲು ಬಾತು, ರಾತ್ರಿಯೆಲ್ಲ ಅರುಚ್ತದೆ."

ಮರುದಿನ ಬೆಳಗ್ಗೆ ಬಸ್ಸಿನಲ್ಲಿ ಸುವರ್ಣಮ್ಮನ ಪಕ್ಕದ ಸೀಟೇ ತೇಜಶ್ರೀಗೆ ಸಿಕ್ಕಿತು. ಕಂಡಕ್ಟರ್ ತೇಜಶ್ರೀಗೆ ಟಿಕೆಟ್ ಕೊಟ್ಟು, ಪಕ್ಕದಲ್ಲಿ ಯಾರೂ ಇಲ್ಲವೆಂಬಂತೆ ಮುಂದೆ ಹೋದ. ಬಸ್ಸು ಹುಣಸೆಮರಗಳ ನೆರಳಿಗೆ ಬಂದಾಗ ಕಿಟಕಿಯ ಗಾಜು ಕಪ್ಪಾಗಿ, ಒಳಗಿನವರೆಲ್ಲ ಅದರಲ್ಲಿ ಮೂಡಿದರು. ಮುಂದಿನ ಸೀಟಿನ ಮಗು ಮೂಡಿತು, ಬುಟ್ಟಿ ಹಿಡಿದ ಮುದುಕಿ ಮೂಡಿದಳು, ತೇಜಶ್ರೀಯೂ ಮೂಡಿದಳು. ಕಿಟಕಿಗೇ ಒರಗಿ ಕೂತಿದ್ದ ಸುವರ್ಣಮ್ಮ ಮೂಡಲಿಲ್ಲ. ಅವಳಿರಬೇಕಾದ ಕಡೆ ಸೀಟಿನ ನೀಲಿ ಬೆನ್ನಷ್ಟೇ ಕಾಣುತ್ತಿತ್ತು.

ತೇಜಶ್ರೀ ಅರಕಲಗೂಡಿನವರೆಗೂ ಮಡಿಲಲ್ಲಿದ್ದ ಬುತ್ತಿಯ ಚೀಲವನ್ನು ಎರಡು ಕೈಯಲ್ಲಿ ಅವುಚಿಕೊಂಡಿದ್ದಳು. ಈಗ ಅವಳಿಗೆ ಎಲ್ಲ ತಿಳಿಯಿತು. ಖಾಲಿಯಿರಬೇಕಾದ ಮನೆಯಲ್ಲಿ ತಾನು ದೀಪ ಹಚ್ಚಿ, ಹೋಗಬೇಕಾದವನನ್ನು ಕೂರಿಸಿದೆ. ಅಷ್ಟು ಸಾಲದೆಂದು, ಬದುಕಿರುವ ಹೆಂಗಸನ್ನು ಅವನ ಜೊತೆ ಒಳಗೆ ಬಿಟ್ಟೆ. ಸುವರ್ಣಮ್ಮ ದಿನಕ್ಕಿಷ್ಟು ಅಂತ ಅಲ್ಲಿಗೆ ಹೋಗಿಬಿಡುತ್ತಿದ್ದಾಳೆ. ಪೂರ್ತಿ ಹೋದಳೆಂದರೆ ಬಾಗಿಲ ಮುಳ್ಳು ತೆಗೆಯುವ ದಿನ ಒಳಗೆ ಕಾಲಿಡಲು ಹೊರಗೆ ಅವಳು ಇರುವುದಿಲ್ಲ.

ಮನುವಿಗೆ ಹೇಳಿದಳು. ಅವಳ ಜನ್ಮದಲ್ಲೇ ಅಷ್ಟು ಉದ್ದ ಅವನ ಹತ್ತಿರ ಮಾತಾಡಿದ್ದಿಲ್ಲ. ಚಲುವಯ್ಯನನ್ನು ತಾನು ಕೂರಿಸಿದ್ದಲ್ಲ, ಅವನ ಫೋಟೊವೇ ತನ್ನ ಹತ್ತಿರ ಇಲ್ಲ, ಬಸ್ಸಿನ ಗಾಜು, ಎಲ್ಲ. ಮನುವಿನ ಮುಖ ಒಂದು ಗಳಿಗೆ ಬಿಳಿಚಿತು. ಆಮೇಲೆ ಅವನು ಮೊಬೈಲು ನೋಡಿಕೊಂಡ.

"ತೇಜು, ಇವತ್ತು ಮಧ್ಯಾಹ್ನ ಅನಿಲ್‌ಕುಮಾರ್ ಸಾರ್ ಬತ್ತಾವ್ರೆ. ನಾನೇ ಹಾಸನಕ್ಕೋಗಿ ಕರ್ಕಂಡ್ ಬತ್ತೀನಿ. ಅವ್ರಿಗೆ ಅದೇ ಮನೆ ಬೇಕು, ಅದೇ ಕನ್ನಡಿ. ರುದ್ರೇಶ ಬಾಯ್ ಬಾಯ್ ಬಡ್ಕಬೇಕು. ಆಮೇಲೆ ಬೇಕಾದ್ರೆ ಪೂಜೆ ಮಾಡ್ಸಾನ. ಅಲ್ಲೀವರ್ಗೂ ಆ ಫೈಲ್ ಮುಟ್ದೆ ಅಂದ್ರೆ ನಾಳೆಯಿಂದ ಕೆಲ್ಸಕ್ಕೆ ಬರ್ಬೇಡ."

ಅವನು ಹೋದ ಮೇಲೆ, ಅಷ್ಟು ಹೊತ್ತೂ ನಿಲ್ದಾಣದಲ್ಲೇ ಕೂತಿದ್ದ ಸುವರ್ಣಮ್ಮ ಮೆಟ್ಟಿಲು ಹತ್ತಿ ಬಂದಳು. ಸದ್ದೇ ಆಗಲಿಲ್ಲ. ಸ್ಟೂಲಿನ ಮೇಲೆ ಕೂತು, "ತಗಿಯವ್ವಾ" ಎಂದಳು.

ತೇಜಶ್ರೀ ಮನೆ ತೆರೆದಳು. ದೀಪವನ್ನು ಆರಿಸಿ ಮನೆಯನ್ನೇ ಅಳಿಸಿಬಿಡುವುದು ಸುಲಭವಿತ್ತು. ಆದರೆ ಒಳಗಿರುವವಳು ಒಳಗೇ ಇರುವಾಗ ಮನೆ ಅಳಿಸಿದರೆ ಅವಳೆಲ್ಲಿ ಹೋಗಬೇಕು? ಬೊಂಬೆ ಅಳಿಸಿದಾಗಲೇ ಅವಳು ಎದ್ದಿರಲಿಲ್ಲ. ಅವಳಾಗಿ ಎದ್ದು ಬರಬೇಕು. ತೇಜಶ್ರೀ ಮೌಸನ್ನು ಸುವರ್ಣಮ್ಮನ ತಣ್ಣಗಿನ ಕೈಯ ಕೆಳಗಿಟ್ಟಳು.

"ಅಮ್ಮಾರೇ, ಇವತ್ತು ನೀವೇ ನಡೀರಿ."

"ನಂಗೆಲ್ಲಿ ಬತ್ತದೆ?"

"ಸುಮ್ನೆ ತಳ್ಳಿ. ಹೊಲ್ದಲ್ಲಿ ಹೋದಂಗೆ ಹೋಯ್ತದೆ."

ಕನ್ನಡಿಯಲ್ಲಿ ಗಂಡ ಹೆಂಡತಿ ಕೂತಿದ್ದರು. ಚಲುವಯ್ಯನ ಬಾಯಿ ಮೆಲ್ಲಗೆ ಅಲ್ಲಾಡುತ್ತಿತ್ತು, ಸದ್ದಿರಲಿಲ್ಲ. ಸ್ಟೂಲಿನ ಮೇಲಿದ್ದವಳು ಆ ಮಾತು ಕೇಳುವವಳಂತೆ ಕತ್ತು ವಾಲಿಸಿದ್ದಳು.

ದೊಡ್ಡ ಮಾತು ತೇಜಶ್ರೀಗೆ ಬಾರದು. ಅವ್ವ ಹೇಳಿದ್ದನ್ನೇ ಹೇಳಿದಳು.

"ಅಮ್ಮಾರೇ, ಎಮ್ಮೆ ಯಾರ್ಗೂ ಹಾಲು ಬುಡ್ತಿಲ್ವಂತೆ."

ಸುವರ್ಣಮ್ಮ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ.

"ಕೆಚ್ಚಲು ಕಲ್ಲಾಗ್ಬುಟ್ಟದಂತೆ. ದೇವರಾಜಣ್ಣ ಹತ್ರ ಹೋದ್ರೆ ಒದೀತದಂತೆ. ಎಲ್ಡು ಮೊಲೆ ಕೆಟ್ಟೋದ್ವು ಅಂತಾರೆ. ಹಿಂಗೇ ಬುಟ್ರೆ ಸಂತೆಗೆ ಹೊಡೀತಾರಂತೆ."

"ಯಾರು ಹೊಡೆಯೋರು?" ಎಂದಳು ಸುವರ್ಣಮ್ಮ. ದನಿ ಎಲ್ಲೋ ದೂರದಿಂದ ಬಂದಂತಿತ್ತು, ಆದರೆ ಅದರಲ್ಲಿ ಸಿಟ್ಟಿತ್ತು. "ಹೊಡೀಲಿ ನೋಡಾನ. ಕರುವಾಗಿದ್ದಾಗ ತವರಿಂದ ಹೊಡ್ಕಂಡ್ ಬಂದಿದ್ದು ನಾನು."

"ನಿಮ್ಮ ದನಿ ಕೇಳುದ್ರೆ ಸಾಕು ಸೊರ ಬುಟ್ಟು ಹಾಲಿಳಿಸ್ತದೆ ಅಂತಾಳೆ ನಮ್ಮವ್ವ. ನಡೀರಮ್ಮಾ. ಬಾಗ್ಲು ಆ ಕಡೆ ಐತೆ."

ಮೌಸಿನ ಮೇಲೆ ಕೈ ಅಲುಗಿತು. ಕನ್ನಡಿಯಲ್ಲಿ ಗೋಡೆಗೊರಗಿದ್ದ ಸುವರ್ಣಮ್ಮ ಮಂಡಿಯ ಮೇಲೆ ಕೈಯೂರಿ ಎದ್ದಳು. ಚಲುವಯ್ಯ ತಲೆಯೆತ್ತಿ ನೋಡಿದ. ಅವನು ತಡೆಯಲಿಲ್ಲ. ಟಿವಿಯಲ್ಲಿ ಮನೆಯ ಒಳಭಾಗ ನಿಧಾನವಾಗಿ ಹೊರಳಿತು. ಸೋಫಾ ಹೋಯಿತು, ಕಿಟಕಿ ಹೋಯಿತು, ಬಾಗಿಲು ಬಂತು. ಹೊಸ್ತಿಲ ಮೇಲೆ ನಿಂತಿತು.

"ಅವ್ರೇನೋ ಯೋಳ್ತಾವ್ರೆ ಇರು" ಎಂದಳು ಸುವರ್ಣಮ್ಮ.

ಬಾಗಿಲ ಚೌಕಟ್ಟು ಟಿವಿಯ ತುಂಬ ನಿಂತಿತ್ತು. ಕೆಳಗೆ ಬೀದಿಯಲ್ಲಿ ಹಾಸನದ ಬಸ್ಸಿನವನು ಕೂಗುತ್ತಿದ್ದ. ಸುವರ್ಣಮ್ಮ ಎರಡು ಸಲ ಹ್ಞೂಂ ಎಂದಳು, ಯಾರದೋ ಹೆಸರು ಹೇಳಿದಂತೆ ತುಟಿಯಾಡಿಸಿದಳು. ಆಮೇಲೆ ಕೈ ಮುಂದೆ ತಳ್ಳಿತು. ಹೊಸ್ತಿಲು ಹಿಂದಾಯಿತು, ಜಗುಲಿ ಹಿಂದಾಯಿತು, ಟಿವಿಯ ತುಂಬ ಬಯಲಿನ ಬೆಳಕು ಬಂತು.

ಸುವರ್ಣಮ್ಮ ಸ್ಟೂಲಿನಿಂದ ಕೆಳಗೆ ಕುಸಿದಳು. ತೇಜಶ್ರೀ ಹಿಡಿದುಕೊಂಡಳು. ಹಿಡಿದ ತೋಳು ಬೆಚ್ಚಗಿತ್ತು. ಪರದೆ ಸರಿಸಿದಾಗ ಕಿಟಕಿಯ ಗಾಜಿನಲ್ಲಿ ಇಬ್ಬರು ಹೆಂಗಸರು ಕಂಡರು.

"ಹಸೀತಾ ಐತೆ ಕಣವ್ವಾ" ಎಂದಳು ಸುವರ್ಣಮ್ಮ, ಮಗುವಿನ ಹಾಗೆ. "ಒಟ್ಟೆ ಒಳ್ಗೆ ಬೆಂಕಿ ಹಾಕ್ದಂಗೆ."

ಅಂಗಡಿಯಲ್ಲಿದ್ದದ್ದು ತೇಜಶ್ರೀಯ ಬುತ್ತಿ ಮಾತ್ರ, ರೊಟ್ಟಿ ಮತ್ತು ಹುರುಳಿಕಾಳಿನ ಗೊಜ್ಜು. ಕೊಡಲೋ ಬೇಡವೋ ಎಂದು ಅವಳು ಅರೆಗಳಿಗೆ ನಿಂತಳು. ಸುವರ್ಣಮ್ಮನೇ ಕೈಯಿಂದ ಡಬ್ಬಿ ತೆಗೆದುಕೊಂಡು ರೊಟ್ಟಿ ಮುರಿದಳು. ಯಾರ ಮನೆಯದು ಎಂದು ನೋಡದೆ, ಕಣ್ಣಲ್ಲಿ ನೀರು ಸುರಿಸುತ್ತಾ ತಿಂದಳು. ಅರ್ಧ ಡಬ್ಬಿ ಖಾಲಿಯಾದ ಮೇಲೆ ನೀರು ಕುಡಿದು, ಬಾಯೊರೆಸಿಕೊಂಡು, ನೆನಪಾದಂತೆ ಹೇಳಿದಳು.

"ಹೊಸ್ಲಲ್ಲಿ ನಿಲ್ಸಿ ಕೇಳುದ್ರು ಕಣವ್ವಾ. ದೀಪ ಹಚ್ಚೋ ಉಡುಗಿ ಯಾರು ಅಂತ."

ತೇಜಶ್ರೀಯ ಕಣ್ಣು ನೆಲಕ್ಕೆ ಹೋಯಿತು.

"ದ್ಯಾವಯ್ಯನ ಮಗಳು ಅಂದೆ."

"ಏನಂದ್ರು?"

"ಹೊರ್ಗೇ ಯಾಕ್ ನಿಂತವ್ಳೆ, ಒಳಿಕ್ ಬರಾಕ್ ಯೋಳು ಅಂದ್ರು." ಸುವರ್ಣಮ್ಮ ಇನ್ನೊಂದು ಚೂರು ರೊಟ್ಟಿ ಬಾಯಿಗಿಟ್ಟಳು. "ಬದುಕಿದ್ದಾಗ ಯಾರ್ನೂ ಅಂಗೆ ಕರೆದೋರಲ್ಲ."

ಟಿವಿಯಲ್ಲಿ ಮನೆ ಹೊರಗಿನಿಂದ ಕಾಣುತ್ತಿತ್ತು. ತೆರೆದ ಬಾಗಿಲು. ಅದರಾಚೆ ಹಾಲಿನ ನೆಲದ ಮೇಲೆ ದೀಪದ ಹಳದಿ. ಚಿಕ್ಕಂದಿನಲ್ಲಿ ಅಪ್ಪನ ಹಿಂದೆ ಹೋಗಿ ಆ ಜಗುಲಿಯ ಕೆಳಗೆ ನಿಂತು ಆ ಬಾಗಿಲನ್ನೇ ನೋಡುತ್ತಿದ್ದಳು ತೇಜಶ್ರೀ. ಒಳಗಿನಿಂದ ಯಾರಾದರೂ ಒಂದು ಸಲ ಬಾ ಎಂದರೆ ಓಡಿ ಹೋಗಬೇಕು ಅಂತ. ಅವಳ ಕೈ ಮೌಸಿನ ಮೇಲೆ ಹೋಗಿ ಕೂತಿತು. ಬಾಗಿಲು ಒಂದಿಷ್ಟು ಹತ್ತಿರ ಬಂತು. ತಾನು ತಳ್ಳಿದೆನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಮನುವಿನ ದನಿ, "ಬನ್ನಿ ಸಾ, ಬನ್ನಿ, ತಲೆ ಜೋಪಾನ" ಎಂದು ಮೇಲೇರುತ್ತಿತ್ತು. ಬಾಗಿಲಿಂದಲೇ ಕೂಗಿದ. "ತೇಜು, ತೆಗ್ದಿದ್ದೀಯಾ? ಗುಡ್. ಸಾರ್‌ನ ಒಳಗೆ ಕರ್ಕಂಡೋಗು."

ತೇಜಶ್ರೀ ಈ ಸಲ ನೆಲ ನೋಡಲಿಲ್ಲ.

"ನಾನು ಆ ಮನೆ ಒಳಿಕ್ಕೋಗಲ್ಲ" ಎಂದಳು. ಹೇಳಿದ್ದು ಮನುವಿಗೋ ಟಿವಿಗೋ. "ಕರುದ್ರೂ ಹೋಗಲ್ಲ."

ದೀಪ ಆರಿಸಿದಳು. ಇಡೀ ಮನೆಯನ್ನು ಗುರುತು ಮಾಡಿದಳು. ಅಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಮನು "ಏಯ್!" ಎಂದು ಮೇಜಿನ ಮೇಲೆ ಬೀಳುವಷ್ಟರಲ್ಲಿ ಗುಂಡಿ ಒತ್ತಿಯಾಗಿತ್ತು. ಗೋಡೆ, ಬಾಗಿಲು, ಕನ್ನಡಿ, ಸೂರು, ಎಲ್ಲ ಹೋಗಿ ಬರೀ ಬೂದುಬಣ್ಣದ ನೆಲ ಕೊನೆಯಿಲ್ಲದೆ ಹರಡಿಕೊಂಡಿತು. ಸುವರ್ಣಮ್ಮ ಡಬ್ಬಿ ಮುಚ್ಚಿ ಎದೆಗವಚಿಕೊಂಡಳು.

ಬಿಲ್ಡರ್ ಅನಿಲ್‌ಕುಮಾರ್ ಕನ್ನಡಕ ಸರಿಮಾಡಿಕೊಂಡು ಟಿವಿಯ ಹತ್ತಿರ ಬಂದು ಬಗ್ಗಿದ. ದೇವರ ಕೋಣೆಯಿದ್ದ ಕಡೆ, ಬೂದು ನೆಲದ ಮೇಲೆ, ಬೊಗಸೆಯಷ್ಟು ಹಳದಿ ಬೆಳಕು ಬಿದ್ದಿತ್ತು. ಮೆಲ್ಲಗೆ ಅಲುಗುತ್ತಿತ್ತು, ಅದರ ಮುಂದೆ ಯಾರೋ ಹಾದುಹೋದ ಹಾಗೆ.

"ರಿಯಲ್ಲಾಗೈತೆ ಕಣ್ರೀ ಮನು ಈ ಬೆಳಕು" ಎಂದ ಅವನು, ನಿಜವಾದ ಮೆಚ್ಚುಗೆಯಿಂದ. "ಅಲ್ಲಾ, ದೀಪನೇ ಇಲ್ವಲ್ಲ. ಎಲ್ಲಿಂದ ಬತ್ತಾ ಐತೆ ಇದು?"